ಜಾಹೀರಾತು ನಿಂತಿತೇ? ಮೊದಲು ಅಂಗಡಿಯನ್ನು ನೋಡಿ

ಶ್ರಾವಣ ಹಿಡಿದು ದೀಪಾವಳಿ ಮುಗಿಯುವವರೆಗೆ ಆನ್‌ಲೈನ್ ಅಂಗಡಿಯವರಿಗೆ ಸುಗ್ಗಿ. ವರಮಹಾಲಕ್ಷ್ಮಿಗೆ ಸೀರೆ, ಗೌರಿಗೆ ಬಾಗಿನದ ಸಾಮಾನು, ದಸರೆಗೆ ಚನ್ನಪಟ್ಟಣದ ಗೊಂಬೆ, ಕೊನೆಗೆ ಉಡುಗೊರೆ ಪೆಟ್ಟಿಗೆಗಳು. ಜಾಹೀರಾತಿನ ಖರ್ಚು ಏರುವುದೂ ಆಗಲೇ. ಹೊಸ ಚಿತ್ರ, ಹೊಸ ಬೆಲೆ, ಹೊಸ ರಿಯಾಯಿತಿ ಎಲ್ಲವೂ ಒಂದೇ ವಾರದಲ್ಲಿ ವೆಬ್‌ಸೈಟಿಗೆ ಏರುತ್ತವೆ. ತಪ್ಪುಗಳು ನುಸುಳುವುದು ಆ ಅವಸರದಲ್ಲೇ. ಒಂದು ಬೆಳಿಗ್ಗೆ ಇಮೇಲ್ ತೆರೆದರೆ ಗೂಗಲ್ ಜಾಹೀರಾತು ಖಾತೆ ಅಮಾನತಾಗಿದೆ, ಕಾರಣ ತಪ್ಪು ನಿರೂಪಣೆ ಎಂಬ ಸಾಲು. ನೇಕಾರರಿಗೆ ಮುಂಗಡ ಕೊಟ್ಟಾಗಿದೆ, ದಾಸ್ತಾನು ಮನೆ ತುಂಬಿದೆ, ಆರ್ಡರ್ ಮಾತ್ರ ನಿಂತುಹೋಗಿದೆ.

ಈ ಸಂಕಟ ಎಷ್ಟು ಜನರದ್ದು ಎಂಬುದಕ್ಕೆ ಗೂಗಲ್ಲೇ ಕೊಟ್ಟ ಲೆಕ್ಕವಿದೆ. 2024ರಲ್ಲಿ ಜಗತ್ತಿನಾದ್ಯಂತ 3.92 ಕೋಟಿ ಜಾಹೀರಾತುದಾರರ ಖಾತೆಗಳನ್ನು ಅಮಾನತು ಮಾಡಿದ್ದಾಗಿ ಅದರ ಜಾಹೀರಾತು ಸುರಕ್ಷತಾ ವರದಿ ಹೇಳುತ್ತದೆ. ಭಾರತದಲ್ಲಿ 29 ಲಕ್ಷ ಖಾತೆಗಳು ಹೀಗೆ ನಿಂತವು, 24.74 ಕೋಟಿ ಜಾಹೀರಾತುಗಳು ಹೊರಬಿದ್ದವು. ಇದರಲ್ಲಿ ಬಹುಪಾಲು ನಿಜವಾದ ವಂಚಕರದ್ದೇ ಇರಬಹುದು. ಆದರೆ ಇಷ್ಟು ದೊಡ್ಡ ಬಲೆ ಬೀಸಿದಾಗ ಪ್ರಾಮಾಣಿಕ ವ್ಯಾಪಾರಿಯೂ ಅದರೊಳಗೆ ಬೀಳುತ್ತಾನೆ. ಅಂಥವರಿಗಾಗಿಯೇ ಈ ಲೇಖನ.

ನೋಟಿಸು ಬಂದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ: ‘ಮರುಪರಿಶೀಲನೆ ಕೋರಿ’ ಎಂಬ ಗುಂಡಿ ಒತ್ತಿ, ‘ನಾವು ಯಾವ ತಪ್ಪೂ ಮಾಡಿಲ್ಲ, ದಯವಿಟ್ಟು ಖಾತೆ ತೆರೆಯಿರಿ’ ಎಂದು ಬರೆಯುವುದು. ಇದು ಅವಕಾಶವನ್ನು ಕೈಯಾರೆ ಕಳೆದುಕೊಳ್ಳುವ ದಾರಿ. ಮಾರುವ ವಸ್ತುಗಳ ಪಟ್ಟಿಯನ್ನು ಗೂಗಲಿಗೆ ಕೊಡುವ ಜಾಗವಾದ ಗೂಗಲ್ ಮರ್ಚೆಂಟ್ ಸೆಂಟರಿನಲ್ಲಿ ಮನವಿ ಮೇಲಿಂದ ಮೇಲೆ ತಿರಸ್ಕೃತವಾದರೆ ಮುಂದಿನ ಮನವಿಗೆ ಕಾಯುವ ಅವಧಿ ಶುರುವಾಗುತ್ತದೆ, ಅಷ್ಟು ದಿನ ಗುಂಡಿಯೇ ಸಿಗುವುದಿಲ್ಲ. ಹಬ್ಬದ ಹೊತ್ತಿನಲ್ಲಿ ಒಂದು ವಾರ ಕಳೆದುಕೊಂಡರೆ ಆ ಹಬ್ಬದ ವ್ಯಾಪಾರವೇ ಹೋದಂತೆ. ಮನವಿ ಕೊನೆಯ ಹೆಜ್ಜೆಯಾಗಬೇಕು. ಮೊದಲ ಹೆಜ್ಜೆ ಸ್ವಂತ ಅಂಗಡಿಯ ಪುಟಗಳನ್ನು, ನಿಮ್ಮನ್ನು ಎಂದೂ ಕಾಣದ ಗ್ರಾಹಕನೊಬ್ಬ ನೋಡುವಂತೆ, ಸಾಲು ಸಾಲಾಗಿ ಓದುವುದು. ಉಲ್ಲಂಘನೆ ಜಾಹೀರಾತಿನಲ್ಲೇ ಇದೆ ಎಂದು ಎಲ್ಲರೂ ಭಾವಿಸುತ್ತಾರೆ. ಆನ್‌ಲೈನ್ ಅಂಗಡಿಗಳ ವಿಷಯದಲ್ಲಿ ಅದು ಬಹಳ ಸಲ ಜಾಹೀರಾತು ಕರೆದೊಯ್ಯುವ ಪುಟದಲ್ಲಿರುತ್ತದೆ.

ಅದಕ್ಕೂ ಮುಂಚೆ, ನಿಂತಿರುವುದು ಏನು ಎಂದು ಸರಿಯಾಗಿ ತಿಳಿದುಕೊಳ್ಳಿ. ಒಂದು ಸೀರೆಯ ಜಾಹೀರಾತು ತಿರಸ್ಕೃತವಾಗುವುದು ಬೇರೆ, ಇಡೀ ಖಾತೆ ಅಮಾನತಾಗುವುದು ಬೇರೆ. ಮೊದಲನೆಯದರಲ್ಲಿ ಆ ಒಂದು ವಸ್ತುವಿನ ಚಿತ್ರವನ್ನೋ ಬೆಲೆಯನ್ನೋ ತಿದ್ದಿದರೆ ಸಾಕು. ಮರ್ಚೆಂಟ್ ಸೆಂಟರಿನ ‘ನೀಡ್ಸ್ ಅಟೆನ್ಷನ್’ ವಿಭಾಗದಲ್ಲಿ ಯಾವ ವಸ್ತುವಿಗೆ ಏನು ಕೊರತೆ ಎಂಬುದು ಕಾಣುತ್ತದೆ. ಗೂಗಲ್ ಆ್ಯಡ್ಸ್‌ನಲ್ಲಿ ಕೆಲವು ನೀತಿಗಳಿಗೆ ಹಂತದ ಶಿಕ್ಷೆ ಇದೆ. ಮೊದಲ ಸಲ ಎಚ್ಚರಿಕೆ. ಆಮೇಲೂ ಅದೇ ತಪ್ಪಾದರೆ ಮೊದಲ ಸ್ಟ್ರೈಕ್, ಖಾತೆಗೆ 3 ದಿನ ತಡೆ. 90 ದಿನಗಳೊಳಗೆ ಮತ್ತೆ ಆದರೆ 7 ದಿನ. ಮೂರನೆಯ ಸ್ಟ್ರೈಕಿಗೆ ಖಾತೆಯೇ ಅಮಾನತು. ಗಂಭೀರವೆಂದು ಗೂಗಲ್ ಭಾವಿಸುವ ಉಲ್ಲಂಘನೆಗಳಿಗೆ ಈ ಮೆಟ್ಟಿಲುಗಳಿಲ್ಲ, ಮುನ್ಸೂಚನೆಯಿಲ್ಲದೆ ಬಾಗಿಲು ಮುಚ್ಚುತ್ತದೆ. ತಪ್ಪು ನಿರೂಪಣೆಯ ಹಲವು ಬಗೆಗಳು ಆ ಪಟ್ಟಿಯಲ್ಲಿರುವುದರಿಂದಲೇ ಸಣ್ಣ ಅಂಗಡಿಗಳಿಗೆ ಅದರ ಏಟು ಜೋರು.

ಬೆಲೆ ಎರಡು ಕಡೆ ಎರಡು

ಇಳಕಲ್ ಸೀರೆ ಮಾರುವ ಅಂಗಡಿಯೊಂದನ್ನು ಇಟ್ಟುಕೊಳ್ಳೋಣ. ಗೂಗಲಿಗೆ ಕೊಟ್ಟ ವಸ್ತುಪಟ್ಟಿಯಲ್ಲಿ, ಅಂದರೆ ಫೀಡ್‌ನಲ್ಲಿ, ಸೀರೆಯ ಬೆಲೆ 1,850 ರೂಪಾಯಿ. ಶುಕ್ರವಾರ ರಿಯಾಯಿತಿ ಮುಗಿಯಿತು, ವೆಬ್‌ಸೈಟಿನಲ್ಲಿ 2,100 ಎಂದು ಬದಲಾಯಿತು. ಫೀಡ್ ಮಾತ್ರ ಸೋಮವಾರದವರೆಗೆ ಹಳೆಯದೇ. ನಡುವೆ ಗೂಗಲಿನ ತಪಾಸಣಾ ಬಾಟ್ ಬಂದು ಎರಡನ್ನೂ ಹೋಲಿಸಿ ನೋಡುತ್ತದೆ. ಮಾಲೀಕನ ಮಟ್ಟಿಗೆ ಇದು ಮೂರು ದಿನದ ಮರೆವು. ಯಂತ್ರದ ಮಟ್ಟಿಗೆ ಕಡಿಮೆ ಬೆಲೆ ತೋರಿಸಿ ಕರೆದು ಹೆಚ್ಚು ಬೆಲೆಗೆ ಮಾರುವ ಅಂಗಡಿ. ಗ್ರಾಹಕನ ಮಟ್ಟಿಗೂ ಹಾಗೆಯೇ ಅಲ್ಲವೇ? ಅವನಿಗೆ ಫೀಡ್ ಗೊತ್ತಿಲ್ಲ, ಕಂಡ ಬೆಲೆಯಷ್ಟೇ ಗೊತ್ತು.

ಇದರಲ್ಲೇ ಇನ್ನೊಂದು ಸೂಕ್ಷ್ಮವಿದೆ, ತುಂಬ ಜನರ ಕಣ್ಣಿಗೆ ಬೀಳದ್ದು. ವಿದೇಶದ ಕನ್ನಡಿಗರಿಗೂ ಮಾರಬೇಕೆಂದು ಕೆಲವರು ತಮ್ಮ ಸೈಟಿನಲ್ಲಿ ಕರೆನ್ಸಿ ತಾನಾಗಿ ಬದಲಾಗುವ ಪ್ಲಗಿನ್ ಹಾಕಿರುತ್ತಾರೆ. ಬೆಂಗಳೂರಿನಲ್ಲಿ ತೆರೆದರೆ ರೂಪಾಯಿ, ಅಮೆರಿಕದಲ್ಲಿ ತೆರೆದರೆ ಡಾಲರ್. ಗೂಗಲ್‌ಬಾಟ್ ಹೆಚ್ಚಾಗಿ ಅಮೆರಿಕದ ಐಪಿ ವಿಳಾಸಗಳಿಂದಲೇ ಸೈಟುಗಳನ್ನು ಓದುತ್ತದೆ. ಫೀಡ್‌ನಲ್ಲಿ ರೂಪಾಯಿ, ಬಾಟ್‌ಗೆ ಕಂಡದ್ದು ಡಾಲರ್. ಮಾಲೀಕ ತನ್ನ ಮೊಬೈಲಿನಲ್ಲಿ ಎಷ್ಟು ಸಲ ನೋಡಿದರೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇಂಥ ಅನುಮಾನವಿದ್ದರೆ ಅಮೆರಿಕದಲ್ಲಿರುವ ಪರಿಚಿತರೊಬ್ಬರಿಗೆ ಕೊಂಡಿ ಕಳಿಸಿ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಭಾರತಕ್ಕೆಂದು ಜಾಹೀರಾತು ಕೊಟ್ಟ ಪುಟದಲ್ಲಿ ಯಾರು ಎಲ್ಲಿಂದ ತೆರೆದರೂ ರೂಪಾಯಿಯೇ ಕಾಣುವಂತೆ ಮಾಡಿಸಿ. ಹಾಗೆಯೇ ಸೈಟಿನ ಭದ್ರತೆಗೆಂದು ಹಾಕಿದ ಫೈರ್‌ವಾಲ್ ಬಾಟ್‌ಗಳನ್ನೇ ಹೊರಗಿಡುತ್ತಿದೆಯೇ ಎಂದು ವೆಬ್‌ಸೈಟ್ ಮಾಡಿಕೊಟ್ಟವರನ್ನು ಕೇಳಿ. ತಪಾಸಣೆಗೆ ಬಂದವರಿಗೆ ಬಾಗಿಲೇ ತೆರೆಯದಿದ್ದರೆ ಪುಟ ಸಿಗಲಿಲ್ಲ ಎಂದೇ ಅವರು ಬರೆದುಕೊಳ್ಳುತ್ತಾರೆ.

ಚೆಕ್‌ಔಟ್ ವರೆಗೂ ಹೋಗಿ ನೋಡಿ. ವಸ್ತುವಿನ ಪುಟದಲ್ಲಿಲ್ಲದ ಪ್ಯಾಕಿಂಗ್ ಶುಲ್ಕ, ಕ್ಯಾಶ್ ಆನ್ ಡೆಲಿವರಿ ಶುಲ್ಕ ಕೊನೆಯ ಹೆಜ್ಜೆಯಲ್ಲಿ ಪ್ರತ್ಯಕ್ಷವಾಗುತ್ತಿದೆಯೇ? ನಮ್ಮ ಕಾನೂನೂ ಇದನ್ನು ಒಪ್ಪುವುದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿದೆ. ಬೆಲೆಯನ್ನು ತೊಟ್ಟುತೊಟ್ಟಾಗಿ ಬಿಚ್ಚುವುದು ಅದರಲ್ಲೊಂದು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಇನ್ನೊಂದು. ‘ಇನ್ನು 2 ಮಾತ್ರ ಉಳಿದಿವೆ’ ಎಂದು ಸುಳ್ಳು ಆತುರ ಹುಟ್ಟಿಸುವುದು ಮತ್ತೊಂದು. ಪುಟ ರಿಫ್ರೆಶ್ ಮಾಡಿದೊಡನೆ ಮತ್ತೆ ಮೊದಲಿನಿಂದ ಎಣಿಸುವ ಆ ರಿಯಾಯಿತಿ ಗಡಿಯಾರವನ್ನು ಇಂದೇ ತೆಗೆದುಹಾಕಿ.

ಅಂಗಡಿಯ ಹಿಂದೆ ಯಾರಿದ್ದಾರೆ?

ತಪ್ಪು ನಿರೂಪಣೆ ಎಂದಾಗ ವ್ಯಾಪಾರಿಗಳಿಗೆ ನೋವಾಗುತ್ತದೆ. ನಾವು ಸುಳ್ಳು ಹೇಳಿದ್ದೆಲ್ಲಿ ಎಂದು ಕೇಳುತ್ತಾರೆ. ಸುಳ್ಳು ಹೇಳದೆಯೂ ಈ ಆಪಾದನೆ ಬರುತ್ತದೆ, ಹೇಳಬೇಕಾದ್ದನ್ನು ಹೇಳದಿದ್ದಾಗ. ಸೈಟಿನ ಅಡಿಯಲ್ಲಿ ವಿಳಾಸವಿಲ್ಲ, ಒಂದು ಜಿಮೇಲ್ ಮಾತ್ರ ಇದೆ. ಫೇಸ್‌ಬುಕ್ ಚಿಹ್ನೆ ಒತ್ತಿದರೆ ಅಂಗಡಿಯ ಪುಟಕ್ಕೆ ಹೋಗದೆ ಥೀಮ್ ತಯಾರಿಸಿದ ಕಂಪನಿಯ ಪುಟಕ್ಕೆ ಹೋಗುತ್ತದೆ. ವಾಪಸಾತಿ ನೀತಿ ಎಲ್ಲಿಂದಲೋ ನಕಲಿಸಿದ್ದು, ಅದರಲ್ಲಿ ಬೇರೊಂದು ಅಂಗಡಿಯ ಹೆಸರು ಹಾಗೆಯೇ ಉಳಿದಿದೆ. ಒಂದು ಪುಟ 7 ದಿನದಲ್ಲಿ ಹಿಂದಿರುಗಿಸಬಹುದು ಎನ್ನುತ್ತದೆ, ಇನ್ನೊಂದು 30 ದಿನ ಎನ್ನುತ್ತದೆ, ಚೆಕ್‌ಔಟಿನಲ್ಲಿ ‘ವಾಪಸಾತಿ ಇಲ್ಲ’ ಎಂದಿದೆ. ಜಿಎಸ್‌ಟಿಯಲ್ಲಿರುವ ಹೆಸರು ಒಂದು, ಸೈಟಿನಲ್ಲಿ ಒಂದು, ಜಾಹೀರಾತು ಖಾತೆಯಲ್ಲಿ ಮತ್ತೊಂದು. ಇವೆಲ್ಲ ಒಟ್ಟುಗೂಡಿದರೆ ಹಣ ಪಡೆದು ಮಾಯವಾಗುವ ನಕಲಿ ಅಂಗಡಿಗೂ ನಿಮ್ಮ ಅಂಗಡಿಗೂ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸವೇ ಕಾಣುವುದಿಲ್ಲ.

2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಕೇಳುವುದೂ ಇದನ್ನೇ: ಸಂಸ್ಥೆಯ ಕಾನೂನುಬದ್ಧ ಹೆಸರು, ವಿಳಾಸ, ಸಂಪರ್ಕ, ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಹುದ್ದೆ. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಪೊಟ್ಟಣದ ವಸ್ತುಗಳಾದರೆ ತೂಕ, ಎಂಆರ್‌ಪಿ, ತಯಾರಕರ ವಿವರಗಳನ್ನು ಸೈಟಿನಲ್ಲೂ ತೋರಿಸಬೇಕೆಂದು ಕಾನೂನು ಮಾಪನ ನಿಯಮಗಳು 2018ರಿಂದಲೇ ಹೇಳುತ್ತಿವೆ. ಗೂಗಲಿಗಾಗಿ ಎಂದು ಬೇಸರದಿಂದ ಮಾಡುವ ಈ ತಿದ್ದುಪಡಿಯಲ್ಲಿ ಬಹುಪಾಲು ನಾವು ಗ್ರಾಹಕರಿಗೆ ಈಗಾಗಲೇ ಕೊಡಬೇಕಾಗಿದ್ದ ಬಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಸರಿನ ವಿಷಯದಲ್ಲಿ ನಮ್ಮ ನಾಡಿನ ವ್ಯಾಪಾರಿಗಳಿಗೆ ಒಂದು ವಿಶೇಷ ಜವಾಬ್ದಾರಿ ಇದೆ. ಮೈಸೂರು ರೇಷ್ಮೆ, ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಚನ್ನಪಟ್ಟಣದ ಗೊಂಬೆ, ಬ್ಯಾಡಗಿ ಮೆಣಸಿನಕಾಯಿ ಇವೆಲ್ಲ ಭೌಗೋಳಿಕ ಸೂಚಕದ ಮಾನ್ಯತೆ ಪಡೆದವು. ಪವರ್‌ಲೂಮಿನ ಪಾಲಿಯೆಸ್ಟರ್ ಸೀರೆಗೆ ‘ಮೈಸೂರು ಸಿಲ್ಕ್’ ಎಂದು ಶೀರ್ಷಿಕೆ ಕೊಟ್ಟರೆ ಜಾಹೀರಾತು ನೀತಿಯ ಜೊತೆಗೆ ಕಾನೂನೂ ಮುರಿಯುತ್ತದೆ, ಮಗ್ಗದ ಮುಂದೆ ಕುಳಿತವರ ಅನ್ನಕ್ಕೂ ಕಲ್ಲು ಬೀಳುತ್ತದೆ. ‘ಸಾಫ್ಟ್ ಸಿಲ್ಕ್’, ‘ಸೆಮಿ ಸಿಲ್ಕ್’ ಎಂಬ ಹೆಸರುಗಳ ಮರೆಯಲ್ಲಿ ನಿಲ್ಲುವ ಬದಲು ನೂಲು ಯಾವುದು, ಎಷ್ಟು ಪಾಲು ಎಂದು ಬರೆಯಿರಿ. ನಿಜವಾದ ರೇಷ್ಮೆಯಾಗಿದ್ದರೆ ಸಿಲ್ಕ್ ಮಾರ್ಕ್ ಚೀಟಿಯ ಚಿತ್ರ ಹಾಕಿ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ ಈ ಗುರುತು ಬೆಂಗಳೂರಿನಿಂದಲೇ ನಡೆಯುತ್ತದೆ. ‘ಫಸ್ಟ್ ಕಾಪಿ’, ‘ರೆಪ್ಲಿಕಾ’ ಎಂಬ ಮಾತು ಶೀರ್ಷಿಕೆಯಲ್ಲಿ ಇದ್ದರಂತೂ ನಕಲಿ ಸರಕಿನ ನೀತಿಯಡಿ ಖಾತೆ ಹೋಗುತ್ತದೆ. ಅಲ್ಲಿ ವಾದಕ್ಕೆ ಜಾಗವೇ ಇಲ್ಲ.

‘ರಾಮಬಾಣ’ದ ಪುಟ

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಆರೋಗ್ಯದ ಸರಕು. ಕಷಾಯದ ಪುಡಿ, ತಲೆಗೂದಲ ಎಣ್ಣೆ, ಜೇನು, ಮೊಣಕಾಲು ನೋವಿನ ತೈಲ ಮಾರುವ ಕನ್ನಡದ ಅಂಗಡಿಗಳು ಎಷ್ಟೋ ಇವೆ. ನೇರಳೆ ಬೀಜದ ಪುಡಿಯ ಒಂದು ಪುಟ ಹೀಗಿರುತ್ತದೆ ಎಂದುಕೊಳ್ಳಿ: ‘ಮಧುಮೇಹಕ್ಕೆ ರಾಮಬಾಣ! 21 ದಿನದಲ್ಲಿ ಸಕ್ಕರೆ ಕಾಯಿಲೆ ಮಾಯ. ಮಾತ್ರೆ ಬಿಡಿ, ಇದನ್ನು ಹಿಡಿಯಿರಿ.’ ಕೆಳಗೆ ಗ್ರಾಹಕರೊಬ್ಬರ ಮಾತು: ‘ನನ್ನ ಶುಗರ್ ನಾರ್ಮಲ್ ಆಯಿತು.’ ಪಕ್ಕದಲ್ಲಿ ಬಿಳಿ ಕೋಟು ತೊಟ್ಟ ಯಾರದೋ ಚಿತ್ರ.

1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಅನುಸೂಚಿಯಲ್ಲಿ ಮಧುಮೇಹವಿದೆ, ಕ್ಯಾನ್ಸರ್ ಇದೆ, ರಕ್ತದೊತ್ತಡ, ಬೊಜ್ಜು, ಪಾರ್ಶ್ವವಾಯು, ಮೂತ್ರಕೋಶದ ಕಲ್ಲು ಎಲ್ಲವೂ ಇವೆ. ಇವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದೇ ಅಪರಾಧ; ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಇದು ಔಷಧವಲ್ಲ, ಆಹಾರ ಎಂದರೂ ತಪ್ಪಿಸಿಕೊಳ್ಳಲಾಗದು. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 10 ಲಕ್ಷದವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಗೂಗಲ್ ಖಾತೆ ಹೋದದ್ದು ಇವುಗಳ ಮುಂದೆ ಸಣ್ಣ ನಷ್ಟ.

ದಂಡದ ಮಾತು ಬದಿಗಿರಲಿ. ‘ಮಾತ್ರೆ ಬಿಡಿ’ ಎಂಬ ಸಾಲನ್ನು ನಂಬಿ ಹಳ್ಳಿಯ ಹಿರಿಯರೊಬ್ಬರು ನಿಜವಾಗಿ ಮಾತ್ರೆ ಬಿಟ್ಟರೆ? ಸಕ್ಕರೆ ಅಂಶ ಏರಿ ಕಣ್ಣಿಗೂ ಮೂತ್ರಪಿಂಡಕ್ಕೂ ಬೀಳುವ ಏಟು ವಾಪಸಾತಿ ನೀತಿಯಿಂದ ಸರಿಹೋಗುವಂಥದ್ದಲ್ಲ. ಈ ಒಂದು ಕಡೆ ಯಂತ್ರದ ಕಠೋರತೆಯನ್ನು ನಾನು ಪೂರ್ತಿಯಾಗಿ ಬೆಂಬಲಿಸುತ್ತೇನೆ.

ಆ ಪುಟವನ್ನು ತಿದ್ದುವುದು ಹೇಗೆ? ‘ನೆರಳಲ್ಲಿ ಒಣಗಿಸಿ ಪುಡಿ ಮಾಡಿದ ನೇರಳೆ ಬೀಜ. ಬೇರೇನೂ ಬೆರೆಸಿಲ್ಲ. ನಿವ್ವಳ 200 ಗ್ರಾಂ. ತಯಾರಿಸಿದ ತಿಂಗಳು, ಬಳಕೆಯ ಕೊನೆಯ ದಿನಾಂಕ, ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿ.’ ಇಷ್ಟು ಸಾಕು. ಆದರೆ ಮುಖ್ಯ ವಿವರಣೆ ತಿದ್ದಿ ಉಳಿದದ್ದನ್ನು ಬಿಟ್ಟರೆ ಮನವಿ ಮತ್ತೆ ಬೀಳುತ್ತದೆ. ಹಳೆಯ ಮಾತು ಚಿತ್ರದ ಮೇಲೆ ಅಚ್ಚಾಗಿರುತ್ತದೆ, ಪುಟದ ಶೀರ್ಷಿಕೆಯಲ್ಲಿರುತ್ತದೆ, ಕೊಂಡಿಯ ಅಕ್ಷರಗಳಲ್ಲಿರುತ್ತದೆ, ಎರಡು ವರ್ಷದ ಹಿಂದೆ ಬರೆದ ಲೇಖನದಲ್ಲಿರುತ್ತದೆ, ಗ್ರಾಹಕರ ವಿಮರ್ಶೆಯಲ್ಲಿರುತ್ತದೆ. ‘ಅದು ನಾನು ಹೇಳಿದ್ದಲ್ಲ, ಗ್ರಾಹಕರು ಹೇಳಿದ್ದು’ ಎಂಬ ಸಮರ್ಥನೆ ನಿಲ್ಲುವುದಿಲ್ಲ. ನಿಮ್ಮ ಪುಟದಲ್ಲಿ ನೀವು ಎತ್ತಿ ತೋರಿಸಿದ್ದು ನಿಮ್ಮದೇ ಮಾತು.

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಇನ್ನೊಂದು ಎಚ್ಚರ ಬೇಕು. ‘ನಿಮಗೆ ಮಧುಮೇಹವಿದೆಯೇ?’, ‘ನೀವು ದಪ್ಪಗಿದ್ದೀರಾ?’ ಎಂದು ಓದುಗರ ದೇಹವನ್ನೋ ರೋಗವನ್ನೋ ಬೊಟ್ಟು ಮಾಡಿ ಕೇಳುವ ಸಾಲನ್ನು ಅವುಗಳ ಒಡೆಯ ಕಂಪನಿ ಮೆಟಾ ಒಪ್ಪುವುದಿಲ್ಲ. ತೂಕ ಇಳಿಸುವ ಸರಕಿಗೆ ‘ಮೊದಲು-ಆಮೇಲೆ’ ಜೋಡಿಚಿತ್ರವೂ ನಡೆಯದು. ವಸ್ತುವಿನ ಬಗ್ಗೆ ಮಾತಾಡಿ, ನೋಡುವವನ ಮೈಯ ಬಗ್ಗೆ ಬೇಡ.

ಕೆಲವೊಮ್ಮೆ ಪುಟದಲ್ಲಿ ಏನೂ ತಪ್ಪಿರುವುದಿಲ್ಲ, ಸೈಟಿಗೇ ಕನ್ನ ಬಿದ್ದಿರುತ್ತದೆ. ಹಳೆಯ ಪ್ಲಗಿನ್ ಮೂಲಕ ಒಳಹೊಕ್ಕ ದುರುದ್ದೇಶದ ಕೋಡ್, ಗೂಗಲಿನಿಂದ ಮೊಬೈಲಿನಲ್ಲಿ ಬಂದವರನ್ನು ಮಾತ್ರ ಜೂಜಿನ ಸೈಟಿಗೆ ತಿರುಗಿಸುವುದುಂಟು. ಮಾಲೀಕ ವಿಳಾಸವನ್ನು ನೇರವಾಗಿ ಟೈಪ್ ಮಾಡಿ ಬರುವುದರಿಂದ ಅವನಿಗೆ ಇದು ಕಾಣುವುದೇ ಇಲ್ಲ. ಗೂಗಲ್ ಸರ್ಚ್ ಕನ್ಸೋಲಿನ ಭದ್ರತಾ ವಿಭಾಗ ನೋಡಿ, ಸೈಟನ್ನು ಸ್ವಚ್ಛ ಮಾಡಿಸಿ, ಪಾಸ್‌ವರ್ಡ್ ಎಲ್ಲ ಬದಲಿಸಿದ ಮೇಲಷ್ಟೇ ಮನವಿಗೆ ಹೋಗಿ.

ಮನವಿ ಬರೆಯುವ ಹೊತ್ತು

ಎಲ್ಲ ತಿದ್ದಿಯಾಯಿತು, ಈಗ ಬರೆಯಿರಿ. ಗೋಳು ಬೇಡ, ಬೆದರಿಕೆ ಬೇಡ, ‘ಹತ್ತು ವರ್ಷದ ವಿಶ್ವಾಸಾರ್ಹ ಸಂಸ್ಥೆ’ ಎಂಬ ಹೊಗಳಿಕೆಯೂ ಬೇಡ. ಏನು ತಪ್ಪಿತ್ತು, ಏನು ಬದಲಾಯಿತು, ಎಲ್ಲಿ ನೋಡಬಹುದು, ಇಷ್ಟೇ. ‘ಫೀಡ್ ಮತ್ತು ಸೈಟಿನ ಬೆಲೆಗಳು ಹೊಂದುತ್ತಿರಲಿಲ್ಲ, ಈಗ ಫೀಡ್ ಪ್ರತಿದಿನ ನವೀಕರಣವಾಗುತ್ತದೆ. ಸಂಪರ್ಕ ಪುಟಕ್ಕೆ ನೋಂದಾಯಿತ ವಿಳಾಸ, ದೂರವಾಣಿ ಸೇರಿಸಿದ್ದೇವೆ. ವಾಪಸಾತಿ ಅವಧಿ ಎಲ್ಲ ಪುಟಗಳಲ್ಲೂ 7 ದಿನ ಎಂದು ಒಂದೇ ಮಾಡಿದ್ದೇವೆ.’ ಜೊತೆಗೆ ಆ ಪುಟಗಳ ಕೊಂಡಿ, ಜಿಎಸ್‌ಟಿ ಪ್ರಮಾಣಪತ್ರ, ನೇಕಾರರಿಂದ ಕೊಂಡ ಬಿಲ್ಲು ಕೈಯಲ್ಲಿರಲಿ. ತಿದ್ದುವ ಮುಂಚಿನ ಮತ್ತು ಆಮೇಲಿನ ಸ್ಕ್ರೀನ್‌ಶಾಟುಗಳನ್ನು ದಿನಾಂಕ ಸಮೇತ ಇಟ್ಟುಕೊಳ್ಳಿ.

ಈ ಹೊತ್ತಿನಲ್ಲಿ ಬರುವ ದೊಡ್ಡ ಆಮಿಷ, ಹೆಂಡತಿಯ ಅಥವಾ ತಮ್ಮನ ಹೆಸರಲ್ಲಿ ಹೊಸ ಖಾತೆ ತೆರೆಯುವುದು. ದಯವಿಟ್ಟು ಬೇಡ. ಅದೇ ಕಾರ್ಡು, ಅದೇ ಸೈಟು, ಅದೇ ಫೋನು. ಯಂತ್ರ ಅದನ್ನು ಗುರುತಿಸುತ್ತದೆ. ವ್ಯವಸ್ಥೆಯನ್ನೇ ವಂಚಿಸಿದ ಆರೋಪ ಬಂದರೆ ಮೂಲ ತಪ್ಪು ತಿದ್ದಿದ್ದಕ್ಕೂ ಬೆಲೆ ಉಳಿಯುವುದಿಲ್ಲ. ‘24 ಗಂಟೆಯಲ್ಲಿ ಖಾತೆ ಬಿಡಿಸಿಕೊಡುತ್ತೇವೆ’ ಎಂದು ಟೆಲಿಗ್ರಾಮಿನಲ್ಲಿ ಪಾಸ್‌ವರ್ಡ್ ಕೇಳುವವರಿಂದಲೂ ದೂರವಿರಿ. ನೋಟಿಸೇ ನಕಲಿ ಇರಬಹುದು ಎಂಬುದೂ ನೆನಪಿರಲಿ. ‘ನಿಮ್ಮ ಪುಟ ನೀತಿ ಉಲ್ಲಂಘಿಸಿದೆ, ಇಲ್ಲಿ ಒತ್ತದಿದ್ದರೆ ಇಂದೇ ಅಳಿಸುತ್ತೇವೆ’ ಎಂದು ಮೆಟಾ ಹೆಸರಲ್ಲಿ ಮೆಸೆಂಜರಿಗೆ ಬರುವ ಸಂದೇಶಗಳು ಪಾಸ್‌ವರ್ಡ್ ಕದಿಯುವ ಗಾಳ. ನಿಜವಾದ ನೋಟಿಸು ನಿಮ್ಮ ಖಾತೆಯೊಳಗಿನ ಬಿಸಿನೆಸ್ ಸಪೋರ್ಟ್ ಹೋಮ್‌ನಲ್ಲೂ ಕಾಣುತ್ತದೆ. ಸಂದೇಶದ ಕೊಂಡಿ ಒತ್ತದೆ ಅಲ್ಲಿಗೇ ಹೋಗಿ ನೋಡಿ. ಹಣವೇನಾದರೂ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ವ್ಯಾಪಾರಿಯ ಪಾಲು. ವೇದಿಕೆಗಳ ಪಾಲೂ ಇದೆ, ಅದನ್ನು ಹೇಳದೆ ಬಿಡಲಾರೆ. ‘ತಪ್ಪು ನಿರೂಪಣೆ’ ಎಂದಷ್ಟೇ ಹೇಳಿ, ಯಾವ ಪುಟದ ಯಾವ ಸಾಲು ಎಂದು ಹೇಳದಿರುವುದು ನ್ಯಾಯವಲ್ಲ. ವಿವರ ಕೊಟ್ಟರೆ ವಂಚಕರು ಕಲಿತುಕೊಳ್ಳುತ್ತಾರೆ ಎಂಬ ಕಾರಣ ಇರಬಹುದು. ಆದರೆ ಜಿಎಸ್‌ಟಿ ಸಂಖ್ಯೆ, ವಿಳಾಸ, ಗುರುತಿನ ಚೀಟಿ ಎಲ್ಲ ಕೊಟ್ಟು ಪರಿಶೀಲನೆಗೆ ಒಳಗಾದ ಅಂಗಡಿಗೆ ಕನಿಷ್ಠ ಆ ಪುಟದ ಕೊಂಡಿಯನ್ನಾದರೂ ತೋರಿಸಬಹುದು. ಮನವಿ ಎರಡು ಸಲ ಬಿದ್ದರೆ ಒಬ್ಬ ಮನುಷ್ಯ ಅದನ್ನು ಓದಿ ಕಾರಣ ಬರೆಯಬೇಕು. ನಮ್ಮ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಈ ಕಂಪನಿಗಳಿಗೆ ಭಾರತದಲ್ಲಿ ಕುಂದುಕೊರತೆ ಅಧಿಕಾರಿ ಇರಲೇಬೇಕು. ಬಳಕೆದಾರರು ಖಾತೆ ಅಮಾನತಿನ ದೂರನ್ನೂ ಅವರಿಗೆ ಕೊಡಬಹುದು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರ 2023ರಲ್ಲಿ ರಚಿಸಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು. ಈ ಬಾಗಿಲು ಇದೆಯೆಂಬುದೇ ಅನೇಕ ವ್ಯಾಪಾರಿಗಳಿಗೆ ತಿಳಿದಿಲ್ಲ.

ಕೈಮಗ್ಗದ ಸಂಘಗಳು, ಸ್ತ್ರೀಶಕ್ತಿ ಗುಂಪುಗಳು, ರೈತ ಉತ್ಪಾದಕ ಕಂಪನಿಗಳು ಈಗ ಆನ್‌ಲೈನ್ ವ್ಯಾಪಾರಕ್ಕೆ ಇಳಿಯುತ್ತಿವೆ. ಅವರಿಗೆ ತರಬೇತಿ ಕೊಡುವ ಇಲಾಖೆಗಳಲ್ಲೂ ಸಂಸ್ಥೆಗಳಲ್ಲೂ ನನ್ನದೊಂದು ಬೇಡಿಕೆ: ಫೋಟೊ ತೆಗೆಯುವುದು, ಪೋಸ್ಟ್ ಹಾಕುವುದು ಕಲಿಸುವ ದಿನವೇ ಬೆಲೆ, ವಿಳಾಸ, ವಾಪಸಾತಿ, ಆರೋಗ್ಯದ ಮಾತು ಈ ನಾಲ್ಕನ್ನೂ ಒಂದು ಗಂಟೆ ಕಲಿಸಿ. ಸ್ವಂತ ಅಂಗಡಿ ನಡೆಸುವವರು ಮುಂದಿನ ಹಬ್ಬದ ಜಾಹೀರಾತಿಗೆ ಹಣ ತುಂಬುವ ಮುನ್ನ, ನಿಮ್ಮ ಸೈಟನ್ನು ಎಂದೂ ನೋಡದ ಒಬ್ಬರ ಕೈಗೆ ಮೊಬೈಲು ಕೊಟ್ಟು ಒಂದು ಆರ್ಡರ್ ಮಾಡಿಸಿ ನೋಡಿ.